ಸೀಸದ ಗುಂಡಿನ ಸಂಸಾರ

ಭಾನುವಾರ, 12 ಫೆಬ್ರವರಿ 2023

ಇವತ್ತು ನಿಘಂಟಿನಲ್ಲಿ ‘ಪ್ಲಮೆಟ್’ ಎಂಬ ಇಂಗ್ಲಿಷ್ ಪದದ ಬೆನ್ನು ಹತ್ತಿದೆ. ಷೇರುಪೇಟೆ ಕುಸಿದಾಗ ಸುದ್ದಿಯವರು ಬಳಸುವ ಮಾತೆಂದೇ ಅದು ನಮಗೆ ಪರಿಚಯ. ಆದರೆ ಬೀಳುವ ಅರ್ಥ ಬಂದದ್ದು ತೀರ ಈಚೆಗೆ. ಮೊದಲು ಅದು ದಾರದ ತುದಿಗೆ ಕಟ್ಟುವ ಸೀಸದ ಪುಟ್ಟ ಗುಂಡಿನ ಹೆಸರು.

ಗಾಳ ಹಾಕುವವರಲ್ಲಿ ಆ ಅರ್ಥ ಇನ್ನೂ ಬದುಕಿದೆ. ನೀರಿನ ಆಳ ತಿಳಿಯಲು ಅವರು ಕೊಕ್ಕೆಗೆ ಪ್ಲಮೆಟ್ ಸಿಕ್ಕಿಸಿ ಇಳಿಬಿಡುತ್ತಾರೆ. ದಾರಕ್ಕೆ ಸಿಕ್ಕಿಸಿದ ತೇಲುವ ಬೆಂಡು ಮುಳುಗಿಹೋದರೆ ಬೆಂಡಿನಿಂದ ಕೊಕ್ಕೆಯವರೆಗಿನ ದಾರ ಸಾಲದು, ಅಡ್ಡ ಮಲಗಿದರೆ ದಾರ ಹೆಚ್ಚಾಯಿತು. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಂಡರೆ ಅಳತೆ ಸರಿ.

ಮೂಲ ಲ್ಯಾಟಿನ್ನಿನ ‘ಪ್ಲಂಬಮ್’, ಅಂದರೆ ಸೀಸ. ಸೀಸದ ಕೆಲಸ ಮಾಡುವವನು ಪ್ಲಂಬರ್ ಆದ. ಈಗ ಪ್ಲಾಸ್ಟಿಕ್ ಪೈಪು ಜೋಡಿಸಿದರೂ ಹೆಸರು ಅದೇ! ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡಿನ ಹೆಸರೂ ಇದೇ ಮನೆತನದ್ದು. ನನಗೆ ಹೆಚ್ಚು ಹಿಡಿಸಿದ್ದು ‘ಅಪ್ಲಾಂಬ್’. ಫ್ರೆಂಚರಲ್ಲಿ ತೂಗುಬಿಟ್ಟ ಗುಂಡಿನ ಹಾಗೆ ನೇರ ಎಂಬರ್ಥದ ಮಾತು, ಕೊನೆಗೆ ಅಳುಕದೆ ನಿಲ್ಲುವ ಮನುಷ್ಯನ ಗುಣವಾಯಿತು.

ಸೀಸವನ್ನೇ ಏಕೆ ಆರಿಸಿಕೊಂಡರು ಎಂಬುದಕ್ಕೆ ಉತ್ತರ ಸುಲಭ. 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ನೀರಿಗಿಂತ 11 ಪಟ್ಟು ಭಾರ, ಹಲ್ಲಿನಲ್ಲಿ ಅದುಮಿದರೂ ದಾರಕ್ಕೆ ಕಚ್ಚಿಕೊಳ್ಳುತ್ತದೆ. (ಈ ಹಲ್ಲಿನ ಅಭ್ಯಾಸ ವಿಷವನ್ನು ಬಾಯಿಗಿಟ್ಟುಕೊಂಡಂತೆ, ಯಾರೂ ಅನುಸರಿಸಬಾರದು.) ಹಂಸಗಳು ಆಹಾರ ಅರೆಯಲೆಂದು ಹರಳು ನುಂಗುವಾಗ ಗಾಳಗಾರರು ಬೀಳಿಸಿದ ಸೀಸದ ಗುಂಡುಗಳನ್ನೂ ನುಂಗಿ ಸಾಯುತ್ತಿದ್ದವು. ಹೀಗಾಗಿ ಬ್ರಿಟನ್ನಿನಲ್ಲಿ 1987ರಲ್ಲಿ, ತೀರ ಸಣ್ಣವನ್ನು ಬಿಟ್ಟು, 28.35 ಗ್ರಾಂವರೆಗಿನ ಗುಂಡುಗಳ ಮಾರಾಟ ನಿಷೇಧವಾಯಿತು. ಈಗ ತವರ, ಟಂಗ್‌ಸ್ಟನ್ ಬಂದಿವೆ. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, ಬೆಲೆಯೂ ಹಾಗೆಯೇ.

ಹಡಗಿನವರದು ಇನ್ನೊಂದು ಕಥೆ. ಆಳ ಅಳೆಯುವ ಅವರ ಸೀಸದ ಗುಂಡಿನ ಬುಡದಲ್ಲಿ ಒಂದು ಗುಳಿ, ಅದಕ್ಕೆ ಪ್ರಾಣಿಗಳ ಕೊಬ್ಬು ಮೆತ್ತುತ್ತಿದ್ದರು. ಆಳದ ಜೊತೆಗೆ ತಳದ ಮರಳೋ ಚಿಪ್ಪೋ ಅಂಟಿಕೊಂಡು ಮೇಲೆ ಬರುತ್ತಿತ್ತು. ಬಲು ಆಳಕ್ಕೆ ಇಳಿಬಿಡುವ ಭಾರದ ಗುಂಡು ‘ಡೀಪ್ ಸೀ ಲೆಡ್’. ನಾವಿಕರ ಬಾಯಲ್ಲಿ ‘ಡೀಪ್ ಸೀ’ ಸವೆದು ‘ಡಿಪ್ಸಿ’ ಆಯಿತು. ಅಮೆರಿಕದ ಗಾಳಗಾರರು ಒಂದು ಬಗೆಯ ಗುಂಡನ್ನು ಇಂದಿಗೂ ಡಿಪ್ಸಿ ಎಂದೇ ಕರೆಯುತ್ತಾರೆ, ಮೊಣಕಾಲುದ್ದದ ಹಳ್ಳಕ್ಕೆ ಎಸೆಯುವಾಗಲೂ.