ಕತ್ತಿನ ಹಿಂದಿನ ಆ 7 ಸೆಂಟಿಮೀಟರ್ ಕೂದ್ಲು ಕೊನೆಗೂ ಸುರುಳಿ ಸುತ್ತಿಕೊಳ್ತು!

ಆಯ್ತು, ಕೊನೆಗೂ ಆಯ್ತು! ನಿನ್ನೆ ರಾತ್ರಿ ಸುತ್ತಿದ ಹಿಂದ್ಗಡೆ ಕೂದ್ಲು ಇವತ್ತು ಸಂಜೆ ಆದ್ರೂ ಸುರುಳಿ ಬಿಟ್ಟಿಲ್ಲ, ಮರೆಯೋದ್ರೊಳಗೆ ಎಲ್ಲ ಬರೆದಿಡ್ತಿದೀನಿ. ನನ್ನ ತಲೆ ಮೇಲ್ಗಡೆ ಕೂದ್ಲು 12 ಸೆಂಟಿಮೀಟರ್ ಇದೆ, ಕಿವಿ ಪಕ್ಕದ್ದು 9, ಕತ್ತಿನ ಹಿಂದಿನದು ಬರೀ 7. ಮೇಲಿಂದು, ಪಕ್ಕದ್ದು ಆಗ್ಲೇ ಸರಿಹೋಗಿತ್ತು, ಅದರ ಬಗ್ಗೆ ಹೇಳೋಕೇನಿಲ್ಲ, ತೊಳೆಯೋದು ಸಿಕ್ಕು ಬಿಡಿಸೋದು ಬಿಸಿಯಿಂದ ಕೂದ್ಲು ಕಾಪಾಡೋ ಹೀಟ್ ಪ್ರೊಟೆಕ್ಟೆಂಟ್ ಹಾಕೋದು ಎಲ್ಲ ನಿಮಗೂ ಗೊತ್ತಿರೋದೇ. ತಲೆ ಕೆಡಿಸಿದ್ದು ಆ 7 ಸೆಂಟಿಮೀಟರ್.

ಏನಾಗ್ತಿತ್ತು ಅಂದ್ರೆ, ಕರ್ಲಿಂಗ್ ಐರನ್ನಿಗೆ (ಕೂದ್ಲು ಸುತ್ತಿ ಸುರುಳಿ ಮಾಡೋ ಬಿಸಿ ಕಡ್ಡಿ) ಸುತ್ತಿ ಬಿಟ್ರೆ ಸುರುಳಿ ಬರೋ ಬದ್ಲು ತುದಿ ಮಾತ್ರ ಮೀನಿನ ಗಾಳದ ಥರ ಮೇಲಕ್ಕೆ ಕೊಕ್ಕೆ ಆಗ್ತಿತ್ತು, ಬುಡದಿಂದ ಅರ್ಧದವರೆಗೆ ನೆಟ್ಟಗೆ, ತುದಿ ಒಂದು ಕೊಕ್ಕೆ. ನಾನು ಬಿಸಿ ಸಾಲ್ದು ಅಂದ್ಕೊಂಡು 160 ಡಿಗ್ರಿಯಿಂದ 180ಕ್ಕೆ, ಅಲ್ಲಿಂದ 190ಕ್ಕೆ ಏರಿಸ್ದೆ, ಆಮೇಲೆ ತುದಿಗಳು ಒಣ ಹುಲ್ಲಿನ ಥರ ಕೈಗೆ ಸಿಗೋಕೆ ಶುರುವಾದ್ವು, ಅವತ್ತೇ ನಿಲ್ಲಿಸ್ದೆ. ಬಿಸಿ ಏರಿಸೋದು ಯಾವತ್ತೂ ಕೊನೇ ಉಪಾಯ ಆಗಿರ್ಬೇಕು, ಸುಟ್ಟ ತುದಿ ಮತ್ತೆ ಸರಿಹೋಗಲ್ಲ, ಕತ್ತರಿಸಿ ಬಿಸಾಡೋದೇ. ಇರೋದೇ 7 ಸೆಂಟಿಮೀಟರ್, ಅದ್ರಲ್ಲಿ ಏನು ಕತ್ತರಿಸೋದು!

ಆಮೇಲೆ ಒಂದಿನ ಸುಮ್ನೆ ಒಂದು ದಾರ ತಗೊಂಡು ತಣ್ಣಗಿದ್ದ ಬ್ಯಾರೆಲ್ಲಿಗೆ, ಅಂದ್ರೆ ಐರನ್ನಿನಲ್ಲಿ ಕೂದ್ಲು ಸುತ್ತೋ ಕೊಳವೆಗೆ, ಒಂದು ಸುತ್ತು ಸುತ್ತಿ ಸ್ಕೇಲಿಗಿಟ್ಟು ನೋಡಿದ್ರೆ 6 ಸೆಂಟಿಮೀಟರ್! ನಾನು ತರಿಸಿದ್ದು 13 ಮಿಲಿಮೀಟರ್ ದಪ್ಪದ ಬ್ಯಾರೆಲ್, ಬಾಕ್ಸ್ ಮೇಲೂ ದೊಡ್ಡದಾಗಿ 13 ಅಂತಾನೇ ಇದೆ, 13ಕ್ಕೆ ಸುತ್ತಳತೆ 4.1 ಸೆಂಟಿಮೀಟರ್ ಬರ್ಬೇಕು. 6 ಬಂತು ಅಂದ್ರೆ ಒಳಗಿರೋದು 19 ಮಿಲಿಮೀಟರ್. ಮಾರಿದವರಿಗೆ ದಾರ, ಸ್ಕೇಲ್ ಎರಡೂ ಕಾಣೋ ಹಾಗೆ ಫೋಟೋ ಕಳಿಸಿದ್ರೆ ಬಾಕ್ಸ್ ಫೋಟೋ ಕಳಿಸಿ ಅಂತ ಉತ್ತರ ಬಂತು, ಬಾಕ್ಸ್ ತಪ್ಪು ಅಂತಾನೇ ಅಲ್ವಾ ನಾನು ಹೇಳ್ತಿರೋದು? ಬದಲಿ ಬರೋಕೆ 11 ದಿನ ಹಿಡೀತು, ನಿಜವಾಗ್ಲೂ ಸಿಟ್ಟು ಬಂದಿತ್ತು.

ಲೆಕ್ಕ ನೋಡಿ. ನೆತ್ತಿ ಸುಡಬಾರ್ದು ಅಂತ ಬುಡದಲ್ಲಿ 1 ಸೆಂಟಿಮೀಟರ್ ಬಿಟ್ರೆ ಸುತ್ತೋಕೆ ಉಳಿಯೋದು 6. 19ರ ಬ್ಯಾರೆಲ್ಲಿಗೆ ಅದು ಸರಿಯಾಗಿ ಒಂದೇ ಸುತ್ತು, ಬಿಟ್ಟ ಕೂಡ್ಲೇ ಸಡಿಲ ಆಗಿ ಅರ್ಧ ಸುತ್ತು ಉಳಿಯತ್ತೆ, ಆ ಅರ್ಧ ಸುತ್ತೇ ನಮ್ಮ ಕೊಕ್ಕೆ! ನನ್ನ ಅನುಭವದಲ್ಲಿ ಕಮ್ಮಿ ಅಂದ್ರೂ ಒಂದೂವರೆ ಸುತ್ತು ಬೇಕು, ಎರಡಿದ್ರೆ ನೆಮ್ಮದಿ. ನಿಜವಾದ 13 ಬಂದ್ಮೇಲೆ ಒಂದೂವರೆ ಸಿಕ್ತು, ಆದ್ರೆ ಕತ್ತಿನ ಹಿಂದೆ ಕಣ್ಣಿಗೆ ಕಾಣದ ಜಾಗದಲ್ಲಿ ಕಾದ ಕಬ್ಬಿಣ ಹಿಡ್ಕೊಂಡು ಆಡೋದು ನಂಗೆ ಇಷ್ಟ ಇಲ್ಲ, ಒಂದ್ಸಲ ಚುರುಕ್ ಅಂದಿದ್ದೇ ಸಾಕಾಯ್ತು. ಅದಕ್ಕೆ ಹಿಂದ್ಗಡೆಗೆ ಐರನ್ನೇ ಬೇಡ, ಪಸೆ ಇರೋ ಕೂದ್ಲನ್ನ ಸುತ್ತಿ ಕ್ಲಿಪ್ ಹಾಕಿ ಹಾಗೇ ಒಣಗಿಸೋ ಪಿನ್ ಕರ್ಲ್ ಅಂತ ತೀರ್ಮಾನ ಮಾಡ್ದೆ.

ಬೆರಳಿಗೆ ಸುತ್ತಿದ್ರೆ ಮತ್ತೆ ಅದೇ ಕಥೆ, ಬೆರಳೂ ದಪ್ಪನೇ. ಪೆನ್ಸಿಲ್ 7 ಮಿಲಿಮೀಟರ್ ದಪ್ಪ, ಸುತ್ತಳತೆ ಸುಮಾರು 2.2, ಬಿಸಿ ಇಲ್ಲದ್ದರಿಂದ ಬುಡದವರೆಗೂ ಸುತ್ತಬಹುದು, ಅಂದ್ರೆ 7 ಸೆಂಟಿಮೀಟರಿಗೆ ಮೂರು ಸುತ್ತು! ಸುತ್ತಿ, ಪೆನ್ಸಿಲ್ ಮೆಲ್ಲಗೆ ಎಳೆದು, ಸುರುಳಿನ ಚಪ್ಪಟೆಯಾಗಿ ಮಲಗಿಸಿ ಕ್ಲಿಪ್.

ಮೊದಲ ರಾತ್ರಿ ಪೂರ್ತಿ ಹಾಳಾಯ್ತು. ಲೇಯರ್ ಕಟ್ ಆಗಿರೋದ್ರಿಂದ ಒಂದೇ ಎಳೆಯಲ್ಲಿ ಉದ್ದ ಗಿಡ್ಡ ಎರಡೂ ಇರತ್ತೆ, ಗಿಡ್ಡದ್ದು ಸುತ್ತುವಾಗ್ಲೇ ಜಾರಿ ಹೊರಗೆ ಬಂದು ಮಡಚ್ಕೊಂಡು ಒಣಗ್ತಿತ್ತು, ಮತ್ತೆ ಕೊಕ್ಕೆ. ಇದಕ್ಕೆ ಮದ್ದು ಎಂಡ್ ಪೇಪರ್, ಕೂದ್ಲಿನ ತುದಿ ಹಿಡಿದಿಡೋ ಪುಟ್ಟ ಕಾಗದ. ಕಾಗದನ ಎಳೆ ಮೇಲೆ ಮಡಚಿ, ತುದಿ ದಾಟಿ ಸ್ವಲ್ಪ ಹೊರಗೆ ಬರೋ ತನಕ ಕೆಳಗೆ ಜಾರಿಸಿ, ಆ ಕಾಗದದ ಅಂಚಿಂದ್ಲೇ ಸುತ್ತೋಕೆ ಶುರು ಮಾಡ್ಬೇಕು, ಆಗ ಒಂದು ಕೂದ್ಲೂ ತಪ್ಪಿಸ್ಕೊಳ್ಳಲ್ಲ. ನನಗೆ ಬಂದ ಕಟ್ಟಿನಲ್ಲಿ ಕಾಗದ ಎಷ್ಟು ದಪ್ಪ ಅಂದ್ರೆ ಒಳಗೆ ಗಾಳೀನೇ ಆಡಲ್ಲ, ತೆಳು ಫಿಲ್ಟರ್ ಪೇಪರ್ ಕತ್ತರಿಸಿ ಹಾಕಿದ್ದು ಇದಕ್ಕಿಂತ ನೂರು ಪಾಲು ವಾಸಿ.

ಎರಡನೇ ರಾತ್ರಿ ಸುರುಳಿ ಬಂತು, ಆದ್ರೆ ಬೆಳಿಗ್ಗೆ ಬಿಚ್ಚಿದ ಹತ್ತೇ ನಿಮಿಷಕ್ಕೆ ಹೋಯ್ತು. ಮುಟ್ಟಿ ನೋಡಿದ್ರೆ ಸುರುಳಿ ಒಳಗೆ ಇನ್ನೂ ಪಸೆ! ಕೂದ್ಲಿನ ಕೆರಾಟಿನ್‌ನಲ್ಲಿ ಇರೋ, ಆಕಾರ ಹಿಡಿದಿಡೋ ಹೈಡ್ರೋಜನ್ ಬಂಧಗಳು ನೀರು ತಾಗಿದ್ರೆ ಬಿಡತ್ತೆ, ಒಣಗುವಾಗ ಯಾವ ಆಕಾರದಲ್ಲಿ ಇರತ್ತೋ ಅದೇ ಆಕಾರದಲ್ಲಿ ಮತ್ತೆ ಕೂಡ್ಕೊಳತ್ತೆ, ಅರ್ಧ ಒಣಗಿದಾಗ ಬಿಚ್ಚಿದ್ರೆ ಉಳಿದರ್ಧ ನೆಟ್ಟಗೇ ಕೂಡ್ಕೊಳತ್ತೆ. ಪೂರ್ತಿ ಒದ್ದೆ ಕೂದ್ಲು ಸುತ್ತಿದ್ದೇ ತಪ್ಪು. ನಿನ್ನೆ ಮುಕ್ಕಾಲು ಪಾಲು ಒಣಗಿದ ಮೇಲೆ ಸುತ್ತಿ, ಬೆಳಿಗ್ಗೆ ಡ್ರೈಯರ್ ಕಮ್ಮಿ ಬಿಸಿಯಲ್ಲಿ ಹಿಡಿದು, ಆಮೇಲೆ ತಣ್ಣನೆ ಗಾಳಿ, ಆಮೇಲೆ 20 ನಿಮಿಷ ಮುಟ್ಟಲೇ ಇಲ್ಲ. ಕ್ಲಿಪ್ ತೆಗೆದಾಗ ಪುಟ್ಟ ಸ್ಪ್ರಿಂಗ್ ಥರ ಹದಿನಾಲ್ಕು ಸುರುಳಿ! ಬಾಚಣಿಗೆ ಹಾಕ್ಲಿಲ್ಲ, ಬೆರಳಲ್ಲೇ ಬಿಡಿಸ್ದೆ.

ಈ ಖುಷೀಲಿ ಮುಂದಿಂದು ಆಗ್ಲೇ ತಲೇಲಿ ಓಡ್ತಿದೆ, ಫಿಂಗರ್ ವೇವ್! 1920ರ ದಶಕದಲ್ಲಿ ಬಾಬ್ ಕಟ್ ಮಾಡಿಸ್ಕೊಂಡವರು ಬರೀ ಬೆರಳು, ಬಾಚಣಿಗೆ, ಲೋಷನ್ನಲ್ಲಿ ಕೂರಿಸ್ತಿದ್ದ ಆ ಎಸ್ ಆಕಾರದ ಅಲೆಗಳು, ಗಿಡ್ಡ ಕೂದ್ಲಿಗೇ ಹೇಳಿ ಮಾಡಿಸಿದ್ದು. ಲೋಷನ್ನಿಗೆ ಅಗಸೆ ಬೀಜದ ಜೆಲ್ ಕುದಿಸೋಣ ಅಂತಿದೀನಿ, ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು, ಬಿಸಿ ಇರುವಾಗ್ಲೇ ಸೋಸ್ಬೇಕು, ತಣ್ಣಗಾದ್ರೆ ಗಟ್ಟಿಯಾಗಿ ಬಟ್ಟೆಯಿಂದ ಇಳಿಯಲ್ಲ.

ಅದಕ್ಕೂ ಮುಂಚೆ ಒಂದು ಬಾಕಿ ಇದೆ, ಎಡ ಕಿವಿ ಹಿಂದಿನ ಒಂದು ಎಳೆ ಇವತ್ತೂ ಕೈ ಕೊಡ್ತು. ಅಲ್ಲಿ ಕೂದ್ಲು ಹುಟ್ಟೋದೇ ಮುಂದಕ್ಕೆ ವಾಲಿಕೊಂಡು, ನಾನು ಸುತ್ತಿದ್ದು ಹಿಂದಕ್ಕೆ. ಇವತ್ತು ರಾತ್ರಿ ಅದೊಂದನ್ನ ಮುಂದಕ್ಕೆ ಸುತ್ತಿ ಮಲಗ್ತೀನಿ.