ಸರ್ಚುವಿನಲ್ಲಿ ಮಲಗಬೇಡಿ

ಲಡಾಖ್‌ಗೆ ಬೈಕಿನಲ್ಲಿ ಹೋಗಿಬಂದೆವು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, ಉಮ್ಲಿಂಗ್ ಲಾ ಹತ್ತಿದ್ರಾ ಅಂತ. 19,024 ಅಡಿ ಎತ್ತರದ ಕಣಿವೆದಾರಿ ಅದು, ಲಾ ಅಂದರೆ ಕಣಿವೆದಾರಿ ಅಂತಲೇ. ಅಲ್ಲಿನ ಬೋರ್ಡಿನ ಮುಂದೆ ನಿಂತ ಫೋಟೋ ಇಲ್ಲದಿದ್ದರೆ ಟ್ರಿಪ್ಪೇ ಅಲ್ಲ ಅನ್ನುವವರೂ ಇದ್ದಾರೆ. ನಾವು ಹತ್ತಲಿಲ್ಲ. ಹತ್ತದೇ ಇದ್ದದ್ದೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

2024ರ ಆಗಸ್ಟ್ ಕೊನೆ. ಐದು ಜನ, ಐದು ಬೈಕು. ಟ್ಯಾಂಕ್ ಖಾಲಿ ಮಾಡಿ ಬೈಕುಗಳನ್ನು ರೈಲಿಗೆ ಹಾಕಿ ದೆಹಲಿಗೆ ಕಳಿಸಿದೆವು, ಅಲ್ಲಿಂದ ಮನಾಲಿಗೆ ಓಡಿಸಿದೆವು. ನಮ್ಮಲ್ಲಿ ಒಬ್ಬ ಹೊಸಕೋಟೆಯವನು. ಅವನಿಗೆ ಪ್ಯಾಂಗಾಂಗ್ ಬೇಡ, ಖರ್ದುಂಗ್ ಲಾ ಬೇಡ, ಹಾನ್ಲೆ ಅನ್ನುವ ಊರು ನೋಡಬೇಕು ಅಷ್ಟೇ. ಯಾಕೆ ಅಂದರೆ ಹಾನ್ಲೆಯ ಬೆಟ್ಟದ ಮೇಲೆ 4,500 ಮೀಟರ್ ಎತ್ತರದಲ್ಲಿರುವ 'ಚಂದ್ರ' ಅನ್ನುವ ಹೆಸರಿನ ದೂರದರ್ಶಕವನ್ನು ನಡೆಸುವುದು ಅವನ ಊರಿನಿಂದ. ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯ ಕೇಂದ್ರವೊಂದು ಹೊಸಕೋಟೆ ಹತ್ತಿರ ಇದೆ, ಅಲ್ಲಿ ಕೂತವರು ಉಪಗ್ರಹ ಸಂಪರ್ಕದ ಮೂಲಕ ಆ 2 ಮೀಟರ್ ಕನ್ನಡಿಯನ್ನು ಬೇಕಾದ ಕಡೆ ತಿರುಗಿಸುತ್ತಾರೆ. ಆ ಕಾಂಪೌಂಡಿನ ಮುಂದೆಯೇ ಎಷ್ಟೋ ಸಲ ಓಡಾಡಿದವನು, ಇನ್ನೊಂದು ತುದಿಯಲ್ಲಿ ಏನಿದೆ ಅಂತ ನೋಡುವ ಆಸೆ ಅವನಿಗೆ.

ಮೊದಲು ಮನಾಲಿಯಿಂದ ರೋಹ್ತಾಂಗ್ ಹತ್ತಿ ಇಳಿಯುವುದರಲ್ಲೇ ದಿನ ಮುಗಿದು ಜನ ಕೇಲಾಂಗ್‌ನಲ್ಲಿ ಮಲಗುತ್ತಿದ್ದರಂತೆ. 2020ರಲ್ಲಿ ಅಟಲ್ ಸುರಂಗ ಶುರುವಾದ ಮೇಲೆ ಆ ಬೆಟ್ಟ ದಾಟುವುದು ಬರೀ 9 ಕಿ.ಮೀ. ದಾರಿ. ನಾವೂ ಹಾಗೇ ನುಗ್ಗಿದೆವು. ತಾಂಡಿಯಲ್ಲಿ ಪೆಟ್ರೋಲ್ ತುಂಬಿಸಿ, 'ಮುಂದಿನ ಬಂಕ್ 365 ಕಿ.ಮೀ.' ಅನ್ನುವ ಆ ಹಳೇ ಬೋರ್ಡಿನ ಮುಂದೆ ಫೋಟೋ ತೆಗೆದುಕೊಂಡು, ಇನ್ನೂ ಬೆಳಕಿದೆಯಲ್ಲ ಅಂತ ಬಾರಾಲಾಚಾ ಲಾ ಕೂಡ ದಾಟಿಬಿಟ್ಟೆವು. ಝಿಂಗ್‌ಝಿಂಗ್‌ಬಾರ್ ದಾಟಿದ ಮೇಲೆ ನೀರು ರಸ್ತೆಗೇ ಹರಿಯುತ್ತಿತ್ತು. ಬೆಳಿಗ್ಗೆ ಪಾದ ಮುಳುಗುವಷ್ಟಿರುವ ಹಳ್ಳ ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನಕ್ಕೆ ಮೊಣಕಾಲಿಗೆ ಬರುತ್ತದೆ. ಅಲ್ಲಿ ಒಬ್ಬೊಬ್ಬರ ಬೈಕನ್ನೂ ಇಬ್ಬರು ಹಿಡಿದು ದಾಟಿಸಬೇಕಾಯಿತು. ಒಬ್ಬನದು ಕಾರ್ಬೊರೇಟರ್ ಇರುವ ಹಳೇ ಬುಲೆಟ್, ಮೇಲೆ ಗಾಳಿ ತೆಳ್ಳಗಾಗಿ ಪೆಟ್ರೋಲ್ ಪಾಲು ಜಾಸ್ತಿಯಾಗಿ, ಪ್ಲಗ್ ಬಿಚ್ಚಿದರೆ ಕಾಡಿಗೆಯ ಹಾಗೆ ಕಪ್ಪು. ಸಂಜೆ ಸರ್ಚು ಅನ್ನುವ ತಂಗುದಾಣದ ಟೆಂಟ್ ಸೇರುವಷ್ಟರಲ್ಲಿ ಎಲ್ಲರಿಗೂ ತಲೆನೋವು.

ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ, ಸರ್ಚು 4,290ರಲ್ಲಿ. ಒಂದೇ ದಿನ.

ರಾತ್ರಿ ಒಂದು ಗಂಟೆ ಇರಬೇಕು, ಹೊಸಕೋಟೆಯವನು ಎದ್ದು ಕೂತಿದ್ದ. ಮಲಗಿದರೆ ಉಸಿರು ಸಿಗ್ತಿಲ್ಲ ಅಂದ. ಎರಡು ಸಲ ವಾಂತಿ ಮಾಡಿಕೊಂಡ. ಹೊರಗೆ ಹೋಗಲು ಶೂ ಹಾಕಿಕೊಂಡವನು ಲೇಸ್ ಕಟ್ಟಲು ಬಗ್ಗಿದ, ಎರಡು ಎಳೆಯನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನೋಡುತ್ತಾ ಕೂತ. ಮುಂದೆ ಏನು ಮಾಡಬೇಕು ಅನ್ನುವುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಆ ಲೇಸ್ ನೋಡಿ ನನ್ನ ಕೈಕಾಲು ತಣ್ಣಗಾಯಿತು.

ಗಾಳಿ ತೆಳ್ಳಗಿರುವ ಎತ್ತರಕ್ಕೆ ಒಮ್ಮೆಲೇ ಹತ್ತಿದರೆ ಬರುವ ಕಾಯಿಲೆ ಇದು. ಇಂಥ ಹೊತ್ತಿಗೆ ಇರುವ ಸರಿಯಾದ ದಾರಿ ಒಂದೇ, ಕೆಳಗೆ ಇಳಿಸುವುದು. ಸರ್ಚುವಿನ ತೊಂದರೆಯೇ ಅಲ್ಲಿರುವುದು. ಇಳಿಯಬೇಕಾದರೆ ಮೊದಲು ಹತ್ತಬೇಕು! ಹಿಂದಕ್ಕೆ ಹೋದರೆ 4,890 ಮೀಟರಿನ ಬಾರಾಲಾಚಾ, ಮುಂದೆ ಹೋದರೆ ಗಾಟಾ ಲೂಪ್ಸ್‌ನ 21 ತಿರುವು, ಆಮೇಲೆ 5,000 ದಾಟುವ ಲಾಚುಂಗ್ ಲಾ. ಎರಡು ಗೋಡೆಗಳ ನಡುವಿನ ಬಟ್ಟಲಿನಲ್ಲಿ ಮಲಗಿದ ಹಾಗೆ. ಟೆಂಟಿನ ಯಜಮಾನರು ಆಕ್ಸಿಜನ್ ಸಿಲಿಂಡರ್ ತಂದು ಕೂರಿಸಿ, ಇನ್ನೂ ಕತ್ತಲಿರುವಾಗಲೇ ಜೀಪ್ ಹೊರಡಿಸಿದರು. ದುಡ್ಡು ಮಾತ್ರ ಎಷ್ಟು ಕೊಟ್ಟರೂ ಡೀಸೆಲ್‌ನದ್ದು ಬಿಟ್ಟು ತೆಗೆದುಕೊಳ್ಳಲಿಲ್ಲ. ಅವರ ಉಪಕಾರ ನಾವು ಐದು ಜನ ಸಾಯುವ ತನಕ ಮರೆಯುವುದಿಲ್ಲ.

ಬಾರಾಲಾಚಾ ದಾಟುವಾಗ ಅವನು ನನ್ನ ಭುಜಕ್ಕೆ ಒರಗಿದ್ದ. ನಾನು ಬಾಯಿಗೆ ಬಂದದ್ದೆಲ್ಲಾ ಮಾತಾಡಿಸುತ್ತಿದ್ದೆ, ಅವನ ಅಮ್ಮನ ಹೆಸರು, ಬೈಕ್ ನಂಬರ್, ಓದಿದ ಸ್ಕೂಲು. ದಾರ್ಚಾ ತಲುಪುವ ಹೊತ್ತಿಗೆ ನಂಬರ್ ಪೂರ್ತಿ ಹೇಳಿದ. ಜಿಸ್ಪಾದಲ್ಲಿ ಭಾಗಾ ನದಿ ಪಕ್ಕದ ಮನೆಯೊಂದರಲ್ಲಿ ಮಲಗಿಸಿದೆವು. ಸಂಜೆ ಎದ್ದವನು 'ಅನ್ನ ಇದೆಯೇನೋ' ಅಂದ. ಅನ್ನ ಮೊಸರು ಕಲಸಿ ಕೊಟ್ಟೆವು.

ಹಾಗಾಗಿ ದಯವಿಟ್ಟು, ಮೊದಲ ಎರಡು ರಾತ್ರಿ ಜಿಸ್ಪಾದಲ್ಲೋ ಕೇಲಾಂಗ್‌ನಲ್ಲೋ ಉಳಿಯಿರಿ. ಆಮೇಲೆ ನಸುಕಿನಲ್ಲಿ ಹೊರಟು ಸರ್ಚು, ಪಾಂಗ್ ಎರಡನ್ನೂ ದಾಟಿ ಅದೇ ದಿನ ಲೇಹ್ ಕಡೆ ಇಳಿದುಬಿಡಿ. ನಾವು ಹಾಗೇ ಮಾಡಿದೆವು. ಅವನು ಮತ್ತು ಅವನ ಬೈಕು ಲೇಹ್‌ಗೆ ಹೋಗುತ್ತಿದ್ದ ಪಿಕಪ್‌ನಲ್ಲಿ ಬಂದವು. ಮೋರೆ ಬಯಲಿನ 40 ಕಿ.ಮೀ. ನೇರ ರಸ್ತೆಯಲ್ಲಿ ಎಲ್ಲರೂ ಹಾರಿಸಿಕೊಂಡು ಹೋಗುತ್ತಾರೆ, ನಾವು ಆ ಪಿಕಪ್ ಹಿಂದೆಯೇ ನಿಧಾನಕ್ಕೆ ಹೋದೆವು. ಲೇಹ್‌ನಲ್ಲಿ ಪರೀಕ್ಷಿಸಿದ ಡಾಕ್ಟರು ಕೆಲವು ದಿನ ಸುಮ್ಮನಿರಿ, ಆಮೇಲೆ ಹಾನ್ಲೆಗೆ ಹೋಗಬಹುದು, ಉಮ್ಲಿಂಗ್ ಲಾ ಮಾತ್ರ ಬೇಡ ಅಂದರು. ನೀವು ನಾಲ್ಕು ಜನ ಹೋಗಿಬನ್ನಿ ಅಂತ ಅವನೇ ಹೇಳಿದ. ಯಾರೂ ಹೋಗಲಿಲ್ಲ, ಆ ಮಾತು ಮತ್ತೆ ಬರಲೂ ಇಲ್ಲ.

ಉಪ್ಶಿ, ಚುಮಾಥಾಂಗ್, ಮಾಹೆ, ಲೋಮಾ, ಸಿಂಧೂ ನದಿ ಪಕ್ಕದಲ್ಲೇ ಬಹಳ ದೂರ ದಾರಿ. ಈ ಸಲ ಅವನೇ ಬೈಕ್ ಓಡಿಸಿದ, ನಾವು ಹಿಂದೆ. ಹಾನ್ಲೆ ಸೇರಿದ್ದು ಬೆನಕನ ಅಮಾವಾಸ್ಯೆ ದಿನ, ಊರಲ್ಲಿ ಗೌರಿ ಹಬ್ಬಕ್ಕೆ ನಾಲ್ಕು ದಿನ ಬಾಕಿ. 2022ರಿಂದ ಅದು ಕತ್ತಲನ್ನು ಕಾಪಾಡುವ ಪ್ರದೇಶ. ರಾತ್ರಿ ಹೆಡ್‌ಲೈಟ್ ಹೈ ಬೀಮ್‌ನಲ್ಲಿ ಹಾಕಿ ಓಡಾಡುವ ಹಾಗಿಲ್ಲ, ನಾವಿದ್ದ ಮನೆಯ ಕಿಟಕಿಗೆ ದಪ್ಪ ಕಪ್ಪು ಪರದೆ. ಹೊರಗೆ ಬಂದರೆ ಆಕಾಶಗಂಗೆ ಈ ಬೆಟ್ಟದಿಂದ ಆ ಬೆಟ್ಟಕ್ಕೆ ಹಾಸಿತ್ತು. ಗುಡ್ಡದ ತುದಿಯಲ್ಲಿ ದೂರದರ್ಶಕದ ಗುಮ್ಮಟ, ನಕ್ಷತ್ರಗಳ ಮಧ್ಯೆ ಒಂದು ಕಪ್ಪು ಗುಳ್ಳೆಯ ಹಾಗೆ.

ಅವನು ಮನೆಗೆ ಫೋನ್ ಮಾಡಿದ್ದ. ಹೊಸಕೋಟೆಯಲ್ಲಿ ಸಂಜೆಯಿಂದ ಜೋರು ಮಳೆಯಂತೆ, ಕರೆಂಟೂ ಇಲ್ಲವಂತೆ. 'ಆ ಮಳೆಯಲ್ಲಿ ಯಾರೋ ಒಬ್ಬರು ಕೂತು ಈ ಆಕಾಶ ನೋಡ್ತಿರ್ತಾರೆ ಅಲ್ವಾ' ಅಂದ. ಶೂ ಬಿಚ್ಚಿ ಕಂಬಳಿಯೊಳಗೆ ಕಾಲು ಸೇರಿಸಿಕೊಂಡು, ಗುಮ್ಮಟದ ಕಡೆ ಮುಖ ಮಾಡಿ ಕೂತ.