ಸ್ಕೌಟ್ ಮಾಸ್ಟರ್ ತರಬೇತಿ: ಶಿಬಿರದ ಏಳು ದಿನ ಮತ್ತು ಆಮೇಲೆ

ನಮ್ಮ ರಾಜ್ಯದ ಬಹಳಷ್ಟು ಶಾಲೆಗಳಲ್ಲಿ ಮಕ್ಕಳ ಸ್ಕೌಟ್ ದಳ ನಡೆಸುವ ಸ್ಕೌಟ್ ಮಾಸ್ಟರ್ ಯಾರಾಗಬೇಕೆಂಬುದು ಹೆಚ್ಚು ಚರ್ಚೆಯಿಲ್ಲದೆ ತೀರ್ಮಾನವಾಗುತ್ತದೆ. ತರಬೇತಿಗೆ ಒಬ್ಬರನ್ನು ಕಳುಹಿಸಬೇಕೆಂಬ ಸುತ್ತೋಲೆ ಬಂದ ದಿನ ಮುಖ್ಯ ಶಿಕ್ಷಕರು ಸಿಬ್ಬಂದಿ ಕೊಠಡಿಯ ಕಡೆಗೊಮ್ಮೆ ಕಣ್ಣು ಹಾಯಿಸುತ್ತಾರೆ. ಹೊಸದಾಗಿ ಸೇವೆಗೆ ಸೇರಿದವರು, ದೈಹಿಕ ಶಿಕ್ಷಕರು, ಇಲ್ಲವೆ ಯಾವ ಕೆಲಸಕ್ಕೂ ‘ಆಗುವುದಿಲ್ಲ’ ಎನ್ನಲು ಬಾರದವರು, ಇವರಲ್ಲಿ ಒಬ್ಬರ ಹೆಸರು ಸಂಜೆಯೊಳಗೆ ಪಟ್ಟಿ ಸೇರಿರುತ್ತದೆ. ಸ್ಕೌಟ್ ಚಳವಳಿಯು ತನ್ನ ವಯಸ್ಕ ನಾಯಕರನ್ನು ಸ್ವಯಂಸೇವಕರೆಂದೇ ಪರಿಗಣಿಸುತ್ತದೆ. ನಮ್ಮಲ್ಲಿ ಆ ಸ್ವಯಂಸೇವೆಯ ಜೊತೆಗೆ ಇಲಾಖೆಯ ಆದೇಶದ ಪ್ರತಿ, ಓಓಡಿ (ಹೊರಗಿದ್ದ ದಿನಗಳನ್ನೂ ಕರ್ತವ್ಯವೆಂದೇ ಲೆಕ್ಕಿಸುವ) ಸೌಲಭ್ಯ, ಕೊನೆಯ ದಿನ ಕೈಗೆ ಬರುವ ಹಾಜರಾತಿ ಪ್ರಮಾಣಪತ್ರ ಎಲ್ಲವೂ ಸೇರಿಕೊಂಡಿರುತ್ತವೆ. ಇದನ್ನು ದೂರೆಂದು ಹೇಳುತ್ತಿಲ್ಲ. ಒಲ್ಲದ ಮನಸ್ಸಿನಿಂದ ಶಿಬಿರಕ್ಕೆ ಬಂದವರು ಹತ್ತು ವರ್ಷ ಬಿಡದೆ ದಳ ನಡೆಸಿದ್ದನ್ನೂ, ಅರ್ಜಿ ಹಾಕಿ ಹುಮ್ಮಸ್ಸಿನಿಂದ ಬಂದವರು ಒಂದೇ ವರ್ಷದಲ್ಲಿ ಕೈಬಿಟ್ಟಿದ್ದನ್ನೂ ನಾನು ನೋಡಿದ್ದೇನೆ. ನಾಯಕರು ತರಬೇತಿಗೆ ಹೇಗೆ ಬಂದರು ಎಂಬುದಕ್ಕಿಂತ, ಅಲ್ಲಿಂದ ಶಾಲೆಗೆ ಮರಳಿದ ಮೇಲೆ ಅವರ ಪಾಡೇನು ಎಂಬ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮಕ್ಕಳನ್ನು ನಡೆಸುವ ದೊಡ್ಡವರಿಗೆ ಕ್ರಮಬದ್ಧವಾದ ತರಬೇತಿ ಇರಬೇಕೆಂಬ ವಿಚಾರವು ಕಾರ್ಯರೂಪಕ್ಕೆ ಬರಲು ಈ ಚಳವಳಿಗೇ ಹನ್ನೆರಡು ವರ್ಷ ಹಿಡಿಯಿತು. ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ಪಟ್ರೋಲ್ ಎಂಬ ನಾಲ್ಕು ಸಣ್ಣ ಗುಂಪುಗಳಾಗಿ ವಿಂಗಡಿಸಿ ಪ್ರಾಯೋಗಿಕ ಶಿಬಿರ ನಡೆಸಿದ್ದು 1907ರ ಆಗಸ್ಟ್‌ನಲ್ಲಿ. ಮುಂದಿನ ಒಂದೆರಡು ವರ್ಷಗಳಲ್ಲಿ ಇಂಗ್ಲೆಂಡಿನ ಹುಡುಗರು ತಾವೇ ಗುಂಪು ಕಟ್ಟಿಕೊಂಡು, ತಮ್ಮನ್ನು ನಡೆಸಲು ಒಪ್ಪುವ ದೊಡ್ಡವರನ್ನು ಹುಡುಕಿಕೊಂಡು ಹೊರಟರು. ಸಿಕ್ಕಿದವರಿಗೆ ಉತ್ಸಾಹವಿತ್ತೇ ಹೊರತು ದಾರಿ ಗೊತ್ತಿರಲಿಲ್ಲ. 1919ರಲ್ಲಿ ಮ್ಯಾಕ್ಲಾರೆನ್ ಎಂಬ ಸ್ಕಾಟ್ಲೆಂಡಿನ ದಾನಿಯೊಬ್ಬರು ಲಂಡನ್ ಹೊರವಲಯದ ಎಪ್ಪಿಂಗ್ ಕಾಡಿನ ಅಂಚಿನಲ್ಲಿದ್ದ ಗಿಲ್ವೆಲ್ ಪಾರ್ಕ್ ಎಂಬ ಪಾಳುಬಿದ್ದ ಎಸ್ಟೇಟನ್ನು ಕೊಳ್ಳಲು ಹಣ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಸ್ ಗಿಡ್ನಿ ಅವರ ನೇತೃತ್ವದಲ್ಲಿ ಅಲ್ಲಿ ಸ್ಕೌಟ್ ನಾಯಕರ ತರಬೇತಿಯಾದ ವುಡ್ ಬ್ಯಾಡ್ಜ್‌ನ ಮೊದಲ ಶಿಬಿರ ನಡೆಯಿತು. ಬಂದಿದ್ದ ದೊಡ್ಡವರನ್ನು ಬೆಂಚಿನ ಮೇಲೆ ಕೂರಿಸಿ ಉಪನ್ಯಾಸ ಕೊಡುವ ಬದಲು, ಅವರನ್ನೇ ಪಟ್ರೋಲ್‌ಗಳಾಗಿ ಮಾಡಿ, ಡೇರೆಯಲ್ಲಿ ಮಲಗಿಸಿ, ಅಡುಗೆ ಮಾಡಿಸಿ, ಒಂದು ಸ್ಕೌಟ್ ದಳವೆಂಬಂತೆ ನಡೆಸಿಕೊಳ್ಳಲಾಯಿತು. ನೂರು ವರ್ಷ ಕಳೆದರೂ ಈ ತರಬೇತಿಯ ತಿರುಳು ಬದಲಾಗಿಲ್ಲ. ಬದಲಾಗುವ ಅಗತ್ಯವೂ ನನಗೆ ಕಂಡಿಲ್ಲ.

ಆ ಶಿಬಿರ ಮುಗಿಸಿದವರಿಗೆ ಕೊಟ್ಟದ್ದು ಚರ್ಮದ ದಾರದಲ್ಲಿ ಪೋಣಿಸಿದ ಮರದ ಮಣಿಗಳನ್ನು. ಅವು 1888ರ ಜುಲು ಕಾರ್ಯಾಚರಣೆಯ ಸಮಯದಲ್ಲಿ ಬೇಡನ್ ಪೊವೆಲ್ ಅವರ ಕೈಸೇರಿದ, ಜುಲು ನಾಯಕ ಡಿನಿಜುಲುವಿನದೆಂದು ಹೇಳುವ ಹಾರದ ಮಣಿಗಳು. ಅದು ಹೇಗೆ ಕೈಸೇರಿತು ಎಂಬ ಬಗ್ಗೆ ಬೇರೆ ಬೇರೆ ಕಥೆಗಳಿವೆ. ನಮ್ಮ ಶಿಬಿರಗಳಲ್ಲಿ ಇದನ್ನು ಉಡುಗೊರೆಯ ಕಥೆಯಾಗಿ ಹೇಳಿ ಮುಗಿಸುವುದೇ ರೂಢಿ. ಒಂದು ಸಾಮ್ರಾಜ್ಯದ ಸೇನೆಯು ಇನ್ನೊಂದು ಜನಾಂಗದ ನೆಲಕ್ಕೆ ನುಗ್ಗಿದಾಗ ಬಂದ ವಸ್ತು ಅದು ಎಂಬುದನ್ನೂ ಜೊತೆಗೇ ಹೇಳಿದರೆ ಮಣಿಯ ಗೌರವವೇನೂ ಕಡಿಮೆಯಾಗದು ಎಂಬುದು ನನ್ನ ಅಭಿಪ್ರಾಯ. ಕೇಳುವವರು ಶಿಕ್ಷಕರು, ಇತಿಹಾಸ ಪಾಠ ಮಾಡುವವರೂ ಅವರಲ್ಲಿರುತ್ತಾರೆ.

ಭಾರತದಲ್ಲಿ ಸ್ಕೌಟಿಂಗ್ ಕಾಲಿಟ್ಟದ್ದು ಬೆಂಗಳೂರಿನಲ್ಲಿ, 1909ರಲ್ಲಿ, ಬಿಷಪ್ ಕಾಟನ್ ಬಾಲಕರ ಶಾಲೆಯ ದಳದೊಂದಿಗೆ. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಷ್ಟೇ ಮೀಸಲಾಗಿತ್ತು. ಭಾರತೀಯ ಮಕ್ಕಳಿಗೂ ಅದರ ಬಾಗಿಲು ತೆರೆಯಬೇಕೆಂದು ದುಡಿದವರಲ್ಲಿ ಆನಿ ಬೆಸೆಂಟ್, ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮುಖ್ಯರು. ದೊಡ್ಡಬಳ್ಳಾಪುರದಲ್ಲಿರುವ ನಮ್ಮ ರಾಜ್ಯ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಅವರ ಹೆಸರಿರುವುದು ಆ ಕಾರಣಕ್ಕೆ. ಬೇರೆ ಬೇರೆಯಾಗಿದ್ದ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು; ಹುಡುಗಿಯರ ಗೈಡ್ಸ್ ಸಂಸ್ಥೆ ಮರುವರ್ಷದ ಆಗಸ್ಟ್ 15ರಂದು ಸೇರಿಕೊಂಡಿತು.

ಇಲ್ಲಿನ ನಾಯಕರ ತರಬೇತಿಯು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪರಿಚಯ ಶಿಬಿರದ ನಂತರ ಏಳು ದಿನಗಳ ಬೇಸಿಕ್, ದಳ ನಡೆಸಿದ ಅನುಭವವಾದ ಮೇಲೆ ಏಳು ದಿನಗಳ ಅಡ್ವಾನ್ಸ್ಡ್, ಅದಾದ ಮೇಲೆ ಎಚ್‌ಡಬ್ಲ್ಯುಬಿ ಎಂದು ಎಲ್ಲರೂ ಕರೆಯುವ ಹಿಮಾಲಯ ವುಡ್ ಬ್ಯಾಡ್ಜ್. ಅದು ಮುಗಿದವರಿಗೆ ಎರಡು ಮಣಿ, ತರಬೇತುದಾರರಾಗಿ ಮುಂದುವರಿದ ಎಎಲ್‌ಟಿಗಳಿಗೆ (ಅಸಿಸ್ಟೆಂಟ್ ಲೀಡರ್ ಟ್ರೇನರ್) ಮೂರು, ಎಲ್‌ಟಿಗಳಿಗೆ (ಲೀಡರ್ ಟ್ರೇನರ್) ನಾಲ್ಕು. ಕಬ್, ಬುಲ್‌ಬುಲ್, ಸ್ಕೌಟ್, ಗೈಡ್, ರೋವರ್, ರೇಂಜರ್ ಎಂದು ವಯಸ್ಸಿಗೆ ತಕ್ಕಂತೆ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆಯಾಗಿರುವ ವಿಭಾಗಗಳಿಗೆ ಪ್ರತ್ಯೇಕ ಶಿಬಿರಗಳಿರುತ್ತವೆ. ರಾಷ್ಟ್ರಮಟ್ಟದ ತರಬೇತಿ ಕೇಂದ್ರ ಮಧ್ಯಪ್ರದೇಶದ ಪಚಮಢಿಯಲ್ಲಿ, ಸಾತ್ಪುರ ಬೆಟ್ಟಗಳ ನಡುವೆ ಇದೆ. ನಮ್ಮ ಕಡೆಯವರಿಗೆ ಹೆಚ್ಚು ಪರಿಚಿತವಾದದ್ದು ಹರಿಹರ ತಾಲ್ಲೂಕಿನ ಕೊಂಡಜ್ಜಿ. ಕೆರೆ, ಗುಡ್ಡ, ಕಾಡು ಮೂರೂ ಒಟ್ಟಿಗೆ ಸಿಗುವ ಆ ಜಾಗದಲ್ಲಿಯೇ ನಾನು ಬೇಸಿಕ್ ಮುಗಿಸಿದ್ದು.

ಶಿಬಿರದ ದಿನಚರಿ ಹೊರಗಿನವರಿಗೆ ಸ್ವಲ್ಪ ತಮಾಷೆಯಾಗಿ ಕಾಣಬಹುದು. ಬೆಳಗಿನ ಜಾವ ವಿಸಲ್ ಆಗುತ್ತದೆ. ಬೇಡನ್ ಪೊವೆಲ್ ಹೆಸರಿನ ಬಿ.ಪಿ. ವ್ಯಾಯಾಮ ಮುಗಿಸಿ, ಡೇರೆಯ ಅಕ್ಕಪಕ್ಕದ ಕಸ ತೆಗೆದು, ಹಾಸಿಗೆ ಮಡಚಿ, ತಟ್ಟೆ ಲೋಟ ಬ್ಯಾಟರಿ ಸಮವಸ್ತ್ರಗಳನ್ನು ಸಾಲಾಗಿ ಜೋಡಿಸಿಟ್ಟು ತಪಾಸಣೆಗೆ ನಿಲ್ಲಬೇಕು. ಮನೆಯಲ್ಲಿ ತಿಂಡಿಯ ತಟ್ಟೆಯನ್ನು ಕುಳಿತಲ್ಲೇ ಬಿಟ್ಟು ಏಳುವ ಮೇಷ್ಟ್ರುಗಳು ಇಲ್ಲಿ ಲೋಟದ ತಳದ ಮಸಿಗೆ ಅಂಕ ಕಳೆದುಕೊಳ್ಳುತ್ತಾರೆ. ಧ್ವಜಾರೋಹಣದ ಜವಾಬ್ದಾರಿ ಇರುವ ಪಟ್ರೋಲ್‌ನವರು ಹಿಂದಿನ ರಾತ್ರಿಯೇ ಧ್ವಜ ಮಡಚುವುದನ್ನು ಅಭ್ಯಾಸ ಮಾಡಿರಬೇಕು. ಹಗ್ಗವನ್ನು ಒಂದು ಸಲ ಎಳೆದೊಡನೆ ಅದು ಪೂರ್ತಿ ಬಿಚ್ಚಿಕೊಳ್ಳಬೇಕು, ಎಲ್ಲರೆದುರು ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳಬಾರದು. ಪಟ್ರೋಲ್ ಎಂದರೆ ಆರರಿಂದ ಎಂಟು ಜನ, ನಾಯಕತ್ವ ದಿನಕ್ಕೊಬ್ಬರಿಗೆ. ಹೀಗಾಗಿ ನಿವೃತ್ತಿಗೆ ಎರಡು ವರ್ಷವಿರುವ ಹಿರಿಯರು, ಸೇವೆಗೆ ಸೇರಿ ಎರಡು ವರ್ಷವಾಗಿರದ ಹುಡುಗನ ಮಾತಿನಂತೆ ನೀರು ಹೊರುವ ಪ್ರಸಂಗ ಬಂದೇ ಬರುತ್ತದೆ. ನಮ್ಮ ಪಟ್ರೋಲ್‌ನಲ್ಲಿ ಅಂಥ ಕಿರಿಯ ನಾಯಕ ಮೊದಲ ದಿನ ಸಂಕೋಚದಿಂದ, ‘ಸರ್, ತಪ್ಪು ತಿಳ್ಕೋಬೇಡಿ, ಇವತ್ತು ನೀರಿನ ಕೆಲಸ ನಿಮ್ದು’ ಎಂದಾಗ ಆ ಹಿರಿಯರು, ‘ಅಪ್ಪಣೆ ಕೊಡಿ ಲೀಡರ್ರೇ’ ಎಂದು ಕೊಡ ಎತ್ತಿಕೊಂಡರು. ಆಮೇಲೆ ಉಳಿದವರಿಗೆ ದೊಡ್ಡಸ್ತಿಕೆ ತೋರಲು ಅವಕಾಶವೇ ಉಳಿಯಲಿಲ್ಲ.

ಅಲ್ಲಿ ಕಲಿಸುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುವುದು ಸುಲಭ. ಎರಡನೆಯ ದಿನ ಪ್ರತಿ ಪಟ್ರೋಲ್‌ಗೆ ಬಿದಿರ ಕೋಲು ಮತ್ತು ಸುತಲಿ ಕೊಟ್ಟು, ಕೈತೊಳೆಯುವ ಬೋಗುಣಿ ಇಡಲು ಒಂದು ಮುಕ್ಕಾಲಿ ಸ್ಟ್ಯಾಂಡ್ ಕಟ್ಟಲು ಹೇಳಿದರು. ಅಡ್ಡಕೋಲನ್ನು ನಿಲುಗೋಲಿಗೆ ಬಿಗಿಯಲು ಸ್ಕ್ವೇರ್ ಲ್ಯಾಶಿಂಗ್ ಹಾಕಬೇಕು: ನಿಲುಗೋಲಿಗೆ ಕ್ಲೋವ್ ಹಿಚ್ ಗಂಟಿನಿಂದ ಆರಂಭಿಸಿ, ಎರಡೂ ಕೋಲುಗಳನ್ನು ಬಳಸಿ ಮೂರು ಸುತ್ತು ತಂದು, ಆ ಸುತ್ತುಗಳ ನಡುವೆ, ಅಂದರೆ ಎರಡು ಕೋಲುಗಳ ಸಂದಿನಲ್ಲಿ, ಹಗ್ಗವನ್ನು ಮತ್ತೆರಡು ಸುತ್ತು ಎಳೆದು ಬಿಗಿದು, ಕೊನೆಗೆ ಇನ್ನೊಂದು ಕ್ಲೋವ್ ಹಿಚ್ ಹಾಕಿ ಮುಗಿಸಬೇಕು. ಸಂದಿನಲ್ಲಿ ಬಿಗಿಯುವ ಈ ಸುತ್ತುಗಳೇ ಕಟ್ಟಿನ ಜೀವಾಳ. ಪಕ್ಕದ ಪಟ್ರೋಲ್‌ನವರು ಅವನ್ನು ಬಿಟ್ಟು, ಹೊರಗಿನ ಸುತ್ತುಗಳನ್ನೇ ಏಳೆಂಟಕ್ಕೆ ಏರಿಸಿದ್ದರು. ನೋಡಲು ದಪ್ಪಗೆ ಭದ್ರವಾಗಿಯೇ ಇತ್ತು. ತರಬೇತುದಾರರು ಅದನ್ನು ಕಂಡೂ ಏನೂ ಹೇಳದೆ ಮುಂದೆ ಹೋದರು. ಮಧ್ಯಾಹ್ನ ಊಟದ ಹೊತ್ತಿಗೆ ತುಂಬಿದ ಬೋಗುಣಿ ಇಟ್ಟೊಡನೆ ಅಡ್ಡಕೋಲು ಜಾರಿ ನೀರೆಲ್ಲ ನೆಲದ ಪಾಲಾಯಿತು. ಆಗ ಅವರು ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ‘ಎಲ್ಲಿ ಜಾರಿತು, ನೀವೇ ನೋಡಿ ಹೇಳಿ’ ಎಂದರು. ಉತ್ತರವನ್ನು ಅವರು ಕೊಡಲೇ ಇಲ್ಲ. ಕಟ್ಟು ಬಿಚ್ಚಿ ನೋಡಿದವರಲ್ಲೊಬ್ಬ ಮೇಡಂ ಕಂಡುಹಿಡಿದರು.

ತರಗತಿಯಲ್ಲಿ ನಾವು ಮಾಡುವುದು ಇದಕ್ಕೆ ನೇರ ವಿರುದ್ಧ. ಹುಡುಗ ತಪ್ಪು ಬರೆಯುವ ಮೊದಲೇ ಕಪ್ಪುಹಲಗೆಯ ಮೇಲೆ ಸರಿಯುತ್ತರ ಬರೆದು ಮುಗಿಸಿರುತ್ತೇವೆ. ಶಿಬಿರದ ಉದ್ದೇಶ ಗಂಟು ಕಲಿಸುವುದಾಗಿದ್ದರೆ ಒಂದು ವಿಡಿಯೊ ಸಾಕಿತ್ತು. ತಪ್ಪಾಗುವುದನ್ನು ಕಣ್ಣಾರೆ ಕಾಣುತ್ತಿದ್ದರೂ, ಅಪಾಯವಿಲ್ಲದಿದ್ದಲ್ಲಿ, ಬಾಯಿ ಹಾಕದೆ ಕಾಯುವ ಅಭ್ಯಾಸವನ್ನು ಶಿಕ್ಷಕರಿಗೆ ಹಿಡಿಸುವುದು ಅದರ ಉದ್ದೇಶ. ಪಟ್ರೋಲ್ ಪದ್ಧತಿ ನಿಂತಿರುವುದೇ ಇದರ ಮೇಲೆ. ಹೆಚ್ಚೆಂದರೆ 32 ಮಕ್ಕಳ ದಳವನ್ನು ಸ್ಕೌಟ್ ಮಾಸ್ಟರ್ ನೇರವಾಗಿ ನಡೆಸಕೂಡದು. ನಾಲ್ವರು ಪಟ್ರೋಲ್ ಲೀಡರ್‌ಗಳ ಮೂಲಕ, ಅವರು ಕುಳಿತು ತೀರ್ಮಾನಿಸುವ ಕೋರ್ಟ್ ಆಫ್ ಆನರ್ ಮೂಲಕ ನಡೆಸಬೇಕು. ಆ ಸಭೆಯಲ್ಲಿ ಹದಿಮೂರು ವರ್ಷದ ಹುಡುಗ ಹೇಳುವ ಮಾತಿಗೆ ಬೆಲೆ ಇರಬೇಕಾದರೆ ಮೇಷ್ಟ್ರು ಸುಮ್ಮನಿರಲು ಕಲಿತಿರಬೇಕು. ಬಹುಮಂದಿ ಶಿಕ್ಷಕರಿಗೆ ಇಡೀ ತರಬೇತಿಯಲ್ಲಿ ಅತಿ ಕಷ್ಟವಾಗುವುದು ಇದೇ ಎಂದು ಅನುಭವಿ ತರಬೇತುದಾರರು ಹೇಳುತ್ತಾರೆ.

ಒಂದು ವಿಷಯಕ್ಕೆ ಮಾತ್ರ ವೇಳಾಪಟ್ಟಿಯಲ್ಲಿ ಈಗಿರುವುದಕ್ಕಿಂತ ಹೆಚ್ಚಿನ ಜಾಗ ಬೇಕು. ಮಕ್ಕಳನ್ನು ರಾತ್ರಿ ಹೊತ್ತು ಮನೆಯಿಂದ ಹೊರಗೆ ಉಳಿಸುವ ಚಟುವಟಿಕೆ ನಮ್ಮದು. ಮಕ್ಕಳ ಸುರಕ್ಷತೆಯ ಕುರಿತು ವಿಶ್ವ ಸ್ಕೌಟ್ ಸಂಘಟನೆಯ ‘ಸೇಫ್ ಫ್ರಮ್ ಹಾರ್ಮ್’ ಎಂಬ ನೀತಿಯೇ ಇದೆ. ನಮ್ಮ ದೇಶದ ಮಟ್ಟಿಗೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು, ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಶಿಕ್ಷಾರ್ಹ. ‘ಶಾಲೆಯ ಹೆಸರು ಕೆಡುತ್ತದೆ, ಒಳಗೇ ಸರಿಮಾಡೋಣ’ ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಒಬ್ಬ ವಯಸ್ಕ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇಲ್ಲವೆ ಡೇರೆಯಲ್ಲಿ ಒಂಟಿಯಾಗಿ ಇರಬಾರದು, ಹೆಣ್ಣುಮಕ್ಕಳ ಶಿಬಿರಕ್ಕೆ ಅವರ ನಾಯಕಿಯಾದ ಗೈಡ್ ಕ್ಯಾಪ್ಟನ್ ಇಲ್ಲದೆ ಹೊರಡಬಾರದು, ಮಗು ಬಂದು ಏನಾದರೂ ಹೇಳಿಕೊಂಡರೆ ಅಡ್ಡಪ್ರಶ್ನೆ ಹಾಕದೆ ಕೇಳಿಸಿಕೊಂಡು ಅದೇ ದಿನ ಮುಂದಿನ ಹೆಜ್ಜೆ ಇಡಬೇಕು ಎಂಬಿವನ್ನು ಶಿಬಿರಾಗ್ನಿಯ ಹಾಡುಗಳಷ್ಟೇ ಸಲ ಹೇಳಿ ಬಾಯಿಪಾಠ ಮಾಡಿಸಬೇಕು. ನಾನು ಪಾಲ್ಗೊಂಡ ಶಿಬಿರವೊಂದರಲ್ಲಿ ಇದಕ್ಕೆ ಸಿಕ್ಕಿದ್ದು ಊಟಕ್ಕೆ ಮುಂಚಿನ ಕೊನೆಯ ಅವಧಿ, ಅದೂ ಅರ್ಧಕ್ಕೆ ಮೊಟಕಾಯಿತು.

ಇನ್ನು ಶಿಬಿರದ ನಂತರದ ಮಾತು. ಏಳನೆಯ ದಿನ ಎಲ್ಲರೂ ಗಂಟಲು ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಒಂದು ತಿಂಗಳು ಫೋಟೊಗಳು ಓಡಾಡುತ್ತವೆ. ಶಾಲೆಗೆ ಮರಳಿದವರಿಗೆ ಕಾಯುತ್ತಿರುವುದು ಬಾಕಿ ಉಳಿದ ಪಾಠಗಳು, ಬಿಸಿಯೂಟದ ಲೆಕ್ಕ, ಚುನಾವಣಾ ಕೆಲಸ. ದಳದ ವಾರದ ಸಭೆಗೆ ಶನಿವಾರ ಬೆಳಗಿನ ಒಂದು ಗಂಟೆ ಸಿಕ್ಕರೆ ಪುಣ್ಯ. ಆ ಒಂದು ಗಂಟೆಯೂ ಮೆಲ್ಲಗೆ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ ಎಂಬ ಸ್ಕೌಟ್ ಹಂತಗಳ ಪರೀಕ್ಷಾ ಸಿದ್ಧತೆಗೆ ಮೀಸಲಾಗುತ್ತದೆ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದ ಹೊತ್ತಿಗೆ ಮಕ್ಕಳ ಲಾಗ್ ಪುಸ್ತಕವನ್ನು ಪೋಷಕರು ಅಲಂಕರಿಸಿ ಕಳುಹಿಸುವ ಮಟ್ಟಕ್ಕೂ ಹೋಗುತ್ತದೆ. ಸುಮ್ಮನಿರಲು ಕಲಿತು ಬಂದ ಮೇಷ್ಟ್ರು ಮತ್ತೆ ಕಪ್ಪುಹಲಗೆಯ ಮೇಲೆ ಗಂಟಿನ ಚಿತ್ರ ಬರೆಯುತ್ತಾರೆ. ಇದು ಅವರ ಸೋಮಾರಿತನವಲ್ಲ. ಸುತ್ತಲಿನ ಎಲ್ಲ ವ್ಯವಸ್ಥೆಯೂ ಆ ಕಡೆಗೇ ತಳ್ಳುತ್ತಿರುವಾಗ, ಎದುರು ಹಿಡಿದು ನಿಲ್ಲಲು ಜೊತೆಗೊಬ್ಬರು ಬೇಕಾಗುತ್ತದೆ, ಆ ಒಬ್ಬರು ಇರುವುದಿಲ್ಲ. ಅಷ್ಟರಲ್ಲಿ ವರ್ಗಾವಣೆಯ ಕೌನ್ಸೆಲಿಂಗ್ ಬಂದರೆ ತರಬೇತಾದವರು ಬೇರೆ ಊರಿಗೆ ಹೋಗುತ್ತಾರೆ, ಇಲ್ಲಿನ ದಳದ ನೋಂದಣಿ ಮರುವರ್ಷ ನವೀಕರಣವಾಗುವುದಿಲ್ಲ.

ವಿಶ್ವ ಸ್ಕೌಟ್ ಸಂಘಟನೆಯು ವಯಸ್ಕ ನಾಯಕರ ಬಗ್ಗೆ ರೂಪಿಸಿರುವ ನೀತಿಯಲ್ಲಿ ತರಬೇತಿಯು ಇಡೀ ಪಯಣದ ಒಂದು ಭಾಗ ಮಾತ್ರ. ಸರಿಯಾದವರನ್ನು ಆರಿಸುವುದು, ಕೆಲಸದಲ್ಲಿ ಬೆನ್ನಿಗಿರುವುದು, ಅವಧಿ ಮುಗಿದಾಗ ಮುಂದುವರಿಯುವಿರೋ ಬಿಡುವಿರೋ ಎಂದು ಕೂತು ಮಾತಾಡುವುದು, ಇವೆಲ್ಲ ಅದರಲ್ಲಿ ಸೇರಿವೆ. ನಾವು ಶಿಬಿರವನ್ನು ಬಿಗಿಯಾಗಿ ಹಿಡಿದುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದೇವೆ ಎನಿಸುತ್ತದೆ. ಮೂರು ನಾಲ್ಕು ಮಣಿಯವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ; ಅವರ ಸಮಯವೆಲ್ಲ ಮುಂದಿನ ಶಿಬಿರ ನಡೆಸುವುದರಲ್ಲೇ ಕಳೆಯುತ್ತದೆ. ಹೊಸಬರ ದಳದ ಸಭೆಗೆ ಬಂದು, ಹಿಂದೆ ಕುಳಿತು ನೋಡಿ, ಮಕ್ಕಳು ಹೋದ ಮೇಲೆ ಚಹಾ ಕುಡಿಯುತ್ತಾ ಎರಡು ಮಾತು ಹೇಳಿ ಹೋಗಲು ಅವರನ್ನು ಕಳುಹಿಸುವುದಾದರೆ, ಶಿಬಿರಗಳ ಸಂಖ್ಯೆ ಒಂದೆರಡು ಕಡಿಮೆಯಾದರೂ ನಷ್ಟವಿಲ್ಲ.

ಅದಕ್ಕೆ ಕಾಯದೆ ನಮ್ಮ ತಾಲ್ಲೂಕಿನ ನಾವು ಕೆಲವರು ಒಬ್ಬರ ಸಭೆಗೆ ಇನ್ನೊಬ್ಬರು ಹೋಗಿ ಕೂರುವ ಪದ್ಧತಿ ಇಟ್ಟುಕೊಂಡಿದ್ದೇವೆ. ಹೋದವರು ಸಭೆಯ ನಡುವೆ ಮಾತಾಡುವಂತಿಲ್ಲ. ಮೇಷ್ಟ್ರು ಎಷ್ಟು ಹೊತ್ತು ಮಾತಾಡಿದರು, ಪಟ್ರೋಲ್ ಲೀಡರ್‌ಗಳು ಎಷ್ಟು ಹೊತ್ತು ಮಾತಾಡಿದರು ಎಂದು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ, ಕೊನೆಗೆ ಆ ಚೀಟಿಯನ್ನು ಮೇಷ್ಟ್ರ ಕೈಗೆ ಕೊಡುತ್ತಾರೆ. ಓಓಡಿ ಇದಕ್ಕೆ ಸಿಗುವುದಿಲ್ಲವಾದ್ದರಿಂದ ಶನಿವಾರ ಶಾಲೆ ಬಿಟ್ಟ ಮೇಲಿನ ಹೊತ್ತನ್ನೇ ಹೊಂದಿಸಿಕೊಂಡಿದ್ದೇವೆ.